ಹಿತ್ತಲ ಬದನೆಗೆ ಹೊಲದ ಔಷಧಿ ಬೇಡ

ಯುಗಾದಿಯ ಆಸುಪಾಸು ಒಂದೆರಡು ಮಳೆ ಬಿದ್ದೊಡನೆ ಕುಶಾಲನಗರದ ಸುತ್ತಿನ ಹಿತ್ತಲುಗಳಲ್ಲಿ ಬದನೆ ಸಸಿ ನೆಡಬಹುದು. ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿರಿ.

ಗಿಡ ಚೆನ್ನಾಗಿದ್ದು ಕುಡಿ ಮಾತ್ರ ಬಾಡಿದರೆ ನೀರು ಸಾಲದೆಂದು ತಿಳಿಯಬೇಡಿ. ಒಳಗೆ ಕಾಯಿಕೊರಕ ಹುಳು ಸೇರಿದೆ. ಆಗ ಶುಂಠಿಗೆ ತಂದು ಮಿಕ್ಕ ಔಷಧಿಯ ಡಬ್ಬಕ್ಕೆ ಕೈ ಹಾಕುವವರುಂಟು. ದಯವಿಟ್ಟು ಬೇಡ. ಹಿತ್ತಲ ಬದನೆಯನ್ನು ಬೆಳಿಗ್ಗೆ ಕಿತ್ತು ಮಧ್ಯಾಹ್ನ ಮಕ್ಕಳಿಗೆ ಬಡಿಸುತ್ತೇವೆ. ವಿಷ ಇಳಿಯಲು ಕಾಲವೆಲ್ಲಿ? ತರಕಾರಿಗೆ ಮೊನೊಕ್ರೊಟೊಫಾಸ್ ಬಳಕೆ 2005ರಲ್ಲೇ ನಿಷೇಧವಾಗಿದೆ.

ಬಾಡಿದ ಕುಡಿಯನ್ನು ಕೊರೆದ ಭಾಗಕ್ಕಿಂತ ಕೆಳಗೆ ಚಿವುಟಿ, ತೂತು ಬಿದ್ದ ಕಾಯಿಗಳೊಂದಿಗೆ ಸುಟ್ಟುಬಿಡಿ. ತಿಪ್ಪೆಗೆ ಎಸೆದರೆ ಹುಳು ಅಲ್ಲೇ ಬೆಳೆದು ಪತಂಗವಾಗಿ ಮರಳುತ್ತದೆ. ಜೊತೆಗೆ, ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಕರಗಿಸಿ ಸಂಜೆ ಸಿಂಪಡಿಸಿರಿ.