ಖಾನಾವಳಿಯ ಪಗಾರದ ಲೆಕ್ಕ

ಒಂದು ಸೀಮೆಯ ಸುಭಿಕ್ಷ ದುರ್ಭಿಕ್ಷಗಳನ್ನು ಅರ್ಥಶಾಸ್ತ್ರಜ್ಞರು ಅಂಕಿ-ಅಂಶಗಳಿಂದ ಅಳೆಯುತ್ತಾರೆ. ನಾನು ಅದನ್ನು ಖಾನಾವಳಿಯ ಒಲೆಯಿಂದ ಅಳೆಯುವವನು. ರೊಟ್ಟಿ ಬಡಿಯುವ ಸಪ್ಪಳ ಎಷ್ಟು ಹೊತ್ತಿಗೆ ನಿಲ್ಲುತ್ತದೆ, ಬಡಿಯುವ ಕೈ ಯಾರದು ಎಂಬೆರಡು ಪ್ರಶ್ನೆಗಳಿಗೆ ಉತ್ತರ ದೊರೆತರೆ ಊರಿನ ಸ್ಥಿತಿ ಬಹುಮಟ್ಟಿಗೆ ತಿಳಿದಂತೆಯೇ.

ಕಿತ್ತೂರಿಗೆ ಸಮೀಪದ ದೇಗಾಂವ ಪ್ರಸಿದ್ಧವಾದದ್ದು ಗೋವೆಯ ಕದಂಬರ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲ ನಾರಾಯಣ ದೇವಾಲಯದಿಂದ. ಆದರೆ ಈ ಭಾಗದ ಖಾನಾವಳಿಗಳನ್ನು ಸಾಕುವವರು ಗುಡಿ ನೋಡಬಂದ ಪ್ರವಾಸಿಗಳಲ್ಲ. ಸಂತೆಗೆ ಬಂದ ರೈತರು, ಲಾರಿ ಚಾಲಕರು, ಕಚೇರಿಗೆ ಅಲೆಯುವ ಹಳ್ಳಿಗರು. ಆದ್ದರಿಂದ ಇಲ್ಲಿಯ ಆರ್ಥಿಕ ಕುಸಿತಕ್ಕೆ ಮಳೆಯೇ ಮೊದಲ ಕಾರಣ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಪಟ್ಟಣದ ಹೋಟೆಲಿಗೆ ಕುಸಿತವೆಂದರೆ ಗಿರಾಕಿ ಕಡಿಮೆಯಾಗುವುದಷ್ಟೇ. ಹಳ್ಳಿಗಾಡಿನ ಖಾನಾವಳಿಗೆ ಪೆಟ್ಟು ಎರಡು ಕಡೆಯಿಂದ: ಉಣ್ಣುವವನ ಕಿಸೆ ಬರಿದಾಗುವ ಹೊತ್ತಿಗೇ ಜೋಳದ ಬೆಲೆಯೂ ಏರುತ್ತದೆ. ನಗದು ಕಡಿಮೆಯಾಗಿ ಉದ್ರಿಯ ಪುಸ್ತಕ ದಪ್ಪವಾಗುತ್ತದೆ.

ಇಂಥ ಸಮಯದಲ್ಲಿ ಮಾಲಿಕ ಯಾವ ಖರ್ಚನ್ನು ಕಡಿಮೆ ಮಾಡಬಲ್ಲ? 100 ಊಟ ಹೋಗುತ್ತಿದ್ದಲ್ಲಿ 50 ಹೋದರೆ ಹಿಟ್ಟನ್ನು, ಕಾಯಿಪಲ್ಲೆಯನ್ನು ಅರ್ಧಕ್ಕೆ ಇಳಿಸಬಹುದು. ಬಾಡಿಗೆ ಅರ್ಧವಾಗದು. ಅಡಿಗೆಯವನೂ ಅರ್ಧವಾಗಲಾರ, ಐವತ್ತು ಊಟಕ್ಕೂ ಒಬ್ಬ ಅಡಿಗೆಯವನು ಬೇಕೇ ಬೇಕು. ಹೀಗಾಗಿ ಪ್ರತಿಯೊಂದು ಊಟದ ಮೇಲೆ ಬೀಳುವ ಪಗಾರದ ಭಾರ ಇಮ್ಮಡಿಯಾಗುತ್ತದೆ. ಆಗ ಮುಸುರೆ ತಿಕ್ಕುವವನನ್ನು ಮೊದಲು ಬಿಡಿಸುತ್ತಾರೆ. ಬಡಿಸುವವನೇ ಮುಸುರೆಯನ್ನೂ ತಿಕ್ಕುತ್ತಾನೆ. ಇನ್ನೂ ಬಿಗಿಯಾದರೆ ಅಡಿಗೆಯವನೂ ಹೋಗಿ, ಮಾಲಿಕನ ಹೆಂಡತಿ ಒಲೆಯ ಮುಂದೆ ಕೂಡುತ್ತಾಳೆ, ಮಗಳು ತಾಟು ತೊಳೆಯುತ್ತಾಳೆ.

ಇದನ್ನು ಕಂಡವರು ಮನೆಮಂದಿಯೇ ದುಡಿಯುವ ಖಾನಾವಳಿ ಎಂಥ ಬರವನ್ನೂ ತಾಳುತ್ತದೆಂದು ಮೆಚ್ಚುತ್ತಾರೆ. ತಾಳುತ್ತದೆ, ನಿಜ. ಆದರೆ ಕೂಲಿಯ ವೆಚ್ಚ ಇಲ್ಲದಾಯಿತೆಂದು ಹೇಳುವುದು ಸರಿಯಲ್ಲ. ಅದು ಲೆಕ್ಕದ ಪುಸ್ತಕದಿಂದ ಎದ್ದು ಅಡಿಗೆಮನೆಯ ಹೆಂಗಸರ ಬೆನ್ನಮೇಲೆ ಕುಳಿತಿತು, ಅಷ್ಟೆ. ಎಷ್ಟೋ ಖಾನಾವಳಿಗಳು ನೆರೆಮನೆಗಳ ಹೆಣ್ಣುಮಕ್ಕಳಿಂದ ಎಣಿಕೆಯ ಮೇಲೆ ರೊಟ್ಟಿ ಕೊಳ್ಳುತ್ತವೆ. ಅವರನ್ನು ಕೆಲಸದಿಂದ ತೆಗೆಯುವ ಪ್ರಶ್ನೆಯೇ ಇಲ್ಲ. ನಾಳೆ ಇಪ್ಪತ್ತು ರೊಟ್ಟಿ ಸಾಕೆಂದು ಹೇಳಿ ಕಳಿಸಿದರೆ ಮುಗಿಯಿತು. ಕುಸಿತದ ಮೊದಲ ಕಂತನ್ನು ತೆರುವವಳು ಆಕೆಯೇ.

ಬೇರೆ ದಾರಿಯನ್ನು ಹಿಡಿದವರೂ ಉಂಟು. 1924ರಲ್ಲಿ ಆರಂಭವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿಗೆ, 1975ರ ತುರ್ತುಪರಿಸ್ಥಿತಿಯ ಕಾಲದ ದರನಿಯಂತ್ರಣದಿಂದ ಹೋಟೆಲನ್ನು ನಡೆಸುವುದೇ ದುಸ್ತರವಾಯಿತು. ಆಗ ಆ ಸಂಸ್ಥೆ ಸಿದ್ಧಹಿಟ್ಟು, ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರುವ ಉದ್ಯೋಗಕ್ಕೆ ಕೈಹಾಕಿತು. ಪಳಗಿದ ಕೈಗಳಿಗೆ ಬೇರೊಂದು ಕೆಲಸ ದೊರೆಯಿತು.

ಕೈಗಳನ್ನು ಉಳಿಸಿಕೊಳ್ಳದಿದ್ದರೆ ಏನಾಗುತ್ತದೆಂಬುದನ್ನು 2020 ತೋರಿಸಿಕೊಟ್ಟಿತು. ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಕುಳಿತು ಉಣ್ಣಲು ಅನುಮತಿ ದೊರೆತದ್ದು ಜೂನ್ 8ಕ್ಕೆ. ಊರಿಗೆ ಮರಳಿದ ಅಡಿಗೆಯವರು, ಮಾಣಿಗಳು ಎಲ್ಲರೂ ತಿರುಗಿ ಬರಲಿಲ್ಲ. ಬಂದವರು ಹೆಚ್ಚಿನ ಪಗಾರ ಕೇಳಿದರು, ಕೇಳಿದ್ದು ನ್ಯಾಯವೇ. ಕಷ್ಟಕಾಲದಲ್ಲಿ ಉಳಿಸಿದ ಪಗಾರವನ್ನು ಒಳ್ಳೆಯ ಕಾಲದಲ್ಲಿ ಬಡ್ಡಿಸಹಿತ ತೆರಬೇಕಾಯಿತು.

ಎಲ್ಲ ಖಾನಾವಳಿಗಳೂ ಪೊಟ್ಟಣ ಕಟ್ಟಲಾರವು, ನಿಜ. ಆದರೂ ಕಟಿರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳಿಗೆ ದೂರದ ಊರುಗಳಲ್ಲಿಯೂ ಗಿರಾಕಿಗಳಿದ್ದಾರೆ. ಬರಗಾಲದಲ್ಲಿ ಬಡಿದ ರೊಟ್ಟಿ ಊರಲ್ಲೇ ಖರ್ಚಾಗಬೇಕೆಂಬ ನಿಯಮವೇನೂ ಇಲ್ಲ. ಅದಕ್ಕೂ ಮೊದಲು ಆಗಬೇಕಾದ ಕೆಲಸವೊಂದಿದೆ: ಮಾಲಿಕನು ತನ್ನ ಪುಸ್ತಕದಲ್ಲಿ ಹಿಟ್ಟಿನ, ಬಾಡಿಗೆಯ ಲೆಕ್ಕದ ಕೆಳಗೆ ಹೆಂಡತಿಯ ದುಡಿಮೆಯನ್ನೂ ಒಂದು ಸಾಲಿನಲ್ಲಿ ಬರೆಯಬೇಕು. ಕೊಡಲು ಹಣವಿರಲಿ, ಇಲ್ಲದಿರಲಿ, ಬಾಕಿಯೆಂದಾದರೂ ಬರೆಯಲಿ. ಉದ್ರಿ ಉಂಡ ಗಿರಾಕಿಯ ಹೆಸರು ಅಲ್ಲಿದೆ. ಅವನಿಗೆ ರೊಟ್ಟಿ ಬಡಿದವಳ ಹೆಸರೂ ಇರಲಿ.