ಅಮ್ಮ ಎದ್ದಾಗ ಹೊರಟ ಕಾರು

ಇಂಟರ್ನ್‌ಶಿಪ್‌ನ ಮೊದಲ ಸ್ಟೈಪೆಂಡ್ ಬಂದಾಗ ಅಮ್ಮನಿಗೆ ಮೈಸೂರು ತೋರಿಸಬೇಕೆನಿಸಿತು. ಮಂಡಿನೋವಿನ ಅಮ್ಮನಿಗೆ ಟೂರ್ ಬಸ್ಸಿನ ಗಡಿಬಿಡಿ ಆಗದು. ಹಾಗಾಗಿ ಭಾನುವಾರಕ್ಕೆ 8 ಗಂಟೆ, 80 ಕಿ.ಮೀ. ಪ್ಯಾಕೇಜಿನಲ್ಲಿ ಹಳದಿ ಬೋರ್ಡಿನ ಕಾರು ಗೊತ್ತು ಮಾಡಿದೆ.

ಬೆಳಿಗ್ಗೆ 9ಕ್ಕೇ ಬನ್ನಿ ಎಂದೆ. ‘ಅರಮನೆ ದೀಪ ಹತ್ತೋದು ಸಂಜೆ 7ಕ್ಕೆ ಮೇಡಂ. ನಿಮ್ಮ ಟೈಮು 5ಕ್ಕೇ ಮುಗಿಯುತ್ತೆ, ಆಮೇಲೆ ಎಕ್ಸ್‌ಟ್ರಾ ಬೀಳುತ್ತೆ. 12ಕ್ಕೆ ಹೊರಡೋಣ’ ಎಂದರು ಡ್ರೈವರ್. ಬರುವ ದುಡ್ಡನ್ನು ಬೇಡವೆನ್ನುವವರೂ ಇದ್ದಾರೆ!

ಚಾಮುಂಡಿ ಬೆಟ್ಟದ ನಂದಿಯೆದುರು ಕೂತ ಅಮ್ಮ ಮುಕ್ಕಾಲು ಗಂಟೆ ಏಳಲಿಲ್ಲ. ಒಂದೇ ಬಂಡೆಯಲ್ಲಿ ಕಡೆದ ನಂದಿಯ ಕೊರಳಗಂಟೆಗಳನ್ನು ಎಣಿಸುತ್ತಿದ್ದಳಂತೆ. ನಾನು ವಾಚ್ ನೋಡುತ್ತಿದ್ದೆ. ‘ಝೂ ಬಿಟ್ಟರಾಯ್ತು, ಅಲ್ಲಿ ನಡೆಯೋದೂ ಜಾಸ್ತಿ’ ಎಂದು ಡ್ರೈವರ್ ಸಮಾಧಾನ ಹೇಳಿದರು.

ಪಾರ್ಕಿಂಗ್, ಡ್ರೈವರ್ ಬಾಟಾ ಪ್ಯಾಕೇಜಿನಲ್ಲಿ ಸೇರಿಲ್ಲವೆಂದು ತಿಳಿದದ್ದು ಮಧ್ಯಾಹ್ನ. ಬುಕ್ ಮಾಡುವಾಗಲೇ ಕೇಳಬೇಕಿತ್ತು, ತಪ್ಪು ನನ್ನದೇ. ಅಮ್ಮನ ಸೀರೆಗೆಂದು ತೆಗೆದಿಟ್ಟಿದ್ದ ದುಡ್ಡು ಅದಕ್ಕೇ ಹೋಯಿತು. ಅವಳಿಗಿನ್ನೂ ಹೇಳಿಲ್ಲ.

ಅರಮನೆ ಒಮ್ಮೆಲೇ ಬೆಳಗಿದಾಗ ಅಮ್ಮ, ‘ಡ್ರೈವರಿಗೂ ಫೋನ್ ಮಾಡೇ, ಬಂದು ನೋಡಲಿ’ ಎಂದಳು. ಮಾಡಿದೆ.

‘ನಾನು ವಾರವಾರ ನೋಡ್ತೀನಿ. ಅಮ್ಮ ನಿಧಾನಕ್ಕೆ ಬರಲಿ’ ಎಂದರು.