ಹೊಟ್ಟೆಯ ಕ್ಯಾನ್ಸರ್: ಈ ಒಂದು ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ

“ಡಾಕ್ಟರ್ ಸಾಬ್, ಗ್ಯಾಸ್‌ಗೆ ಒಂದು ಡಬ್ಬಿ ಜವಾರಿಶ್ ಕೊಡಿ” ಎಂದು ಬರುವವರು ನನ್ನ ದವಾಖಾನೆಯಲ್ಲಿ ದಿನವೂ ಇರುತ್ತಾರೆ. ಹೆಚ್ಚಿನವರದು ಬರೀ ಅಜೀರ್ಣ. ಆದರೆ ನಡುವಯಸ್ಸು ದಾಟಿದವರು, ತಿಂಗಳುಗಟ್ಟಲೆ ಹೊಟ್ಟೆನೋವು, ತೂಕ ಇಳಿದಿದೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬುತ್ತದೆ, ಮಲ ಕಪ್ಪಾಗಿ ಹೋಗುತ್ತದೆ ಎಂದರೆ ನಾನು ಜವಾರಿಶ್ ಕೊಡುವುದಿಲ್ಲ. ಎಂಡೋಸ್ಕೋಪಿಗೆ ಕಳುಹಿಸುತ್ತೇನೆ.

“ತುಂಡು ತೆಗೆದರೆ ರೋಗ ಹರಡುವುದಿಲ್ಲವೇ?” ಇದು ಮನೆಯವರ ಮೊದಲ ಪ್ರಶ್ನೆ. ಈ ಭಯಕ್ಕೆ ಆಧಾರವಿಲ್ಲ. ಹರಡುವ ಗುಣ ಕ್ಯಾನ್ಸರ್ ಕೋಶದೊಳಗೇ ಇರುತ್ತದೆ. ಅದರ ಸ್ವಭಾವವನ್ನು ತಿಳಿಯಲು ಆ ಸಣ್ಣ ತುಂಡು ಬೇಕೇ ಬೇಕು.

ನಮ್ಮ ಜೀವಕೋಶಗಳಲ್ಲಿ ‘ಹರ್-2’ ಎಂಬ ಜೀನ್ ಇದೆ. ಕೋಶದ ಹೊರಮೈಯಲ್ಲಿದ್ದು ‘ಬೆಳೆ’ ಎಂಬ ಸಂದೇಶವನ್ನು ಒಳಗೆ ಮುಟ್ಟಿಸುವ ಒಂದು ಪ್ರೋಟೀನನ್ನು ಅದು ತಯಾರಿಸುತ್ತದೆ. ಆರೋಗ್ಯವಂತ ಕೋಶದಲ್ಲಿ ಈ ಜೀನಿನ ಎರಡು ಪ್ರತಿಗಳಿರುತ್ತವೆ. ಕೆಲಸ ಹದವಾಗಿ ನಡೆಯುತ್ತದೆ. ಕೆಲವು ಕ್ಯಾನ್ಸರ್‌ಗಳಲ್ಲಿ ಪ್ರತಿಗಳು ಹಲವು ಪಟ್ಟು ಹೆಚ್ಚುತ್ತವೆ. ಆಗ ಪ್ರೋಟೀನು ಕೋಶದ ಮೈತುಂಬ ಕಿಕ್ಕಿರಿದು, ಯಾರೂ ಕರೆಯದಿದ್ದರೂ ಬಾಗಿಲು ಬಡಿಯುತ್ತಲೇ ಇರುತ್ತದೆ. ಕೋಶ ಒಡೆದು ಎರಡಾಗುತ್ತದೆ, ಸಾಯಬೇಕಾದಾಗ ಸಾಯುವುದಿಲ್ಲ, ಜಠರದ ಗೋಡೆಯನ್ನು ಕೊರೆದು ದುಗ್ಧಗ್ರಂಥಿಗಳಿಗೂ ಯಕೃತ್ತಿಗೂ ಸಾಗುತ್ತದೆ.

ಹೊಟ್ಟೆಯ ಕ್ಯಾನ್ಸರ್ ಇರುವ ಐದಾರು ಮಂದಿಯಲ್ಲಿ ಸುಮಾರು ಒಬ್ಬರಲ್ಲಿ ಇದು ಕಾಣುತ್ತದೆ. ಇದು ಸಾಮಾನ್ಯವಾಗಿ ಗಡ್ಡೆಯಲ್ಲೇ ಹುಟ್ಟುವ ಬದಲಾವಣೆ, ತಂದೆತಾಯಿಯಿಂದ ಬಂದದ್ದಲ್ಲ. ಮಕ್ಕಳ ಮದುವೆ ಸಂಬಂಧ ಕೆಡುತ್ತದೆಂದು ರೋಗವನ್ನು ಮುಚ್ಚಿಡಬೇಡಿ.

ಹರ್-2 ಹೆಚ್ಚಿದೆಯೆಂದು ತಿಳಿದರೆ ಅದನ್ನೇ ಗುರಿಯಾಗಿಸುವ ಔಷಧಿ ಇದೆ. ಅದರ ಹೆಸರು ಟ್ರಾಸ್ಟುಜುಮ್ಯಾಬ್. ರೋಗ ಹರಡಿದವರಿಗೆ ಕೀಮೋಥೆರಪಿಯ ಜೊತೆ ಇದನ್ನು ಕೊಟ್ಟು ನೋಡಿದ ಅಂತಾರಾಷ್ಟ್ರೀಯ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕೀಮೋ ಮಾತ್ರ ಪಡೆದವರ ಸರಾಸರಿ ಆಯುಸ್ಸು 11.1 ತಿಂಗಳಾದರೆ, ಎರಡನ್ನೂ ಪಡೆದವರದು 13.8 ತಿಂಗಳು. ಇದು ಪೂರ್ಣ ಗುಣವಲ್ಲ, ಆದರೂ ಚಿಕ್ಕ ಮಾತಲ್ಲ. ಔಷಧಿ ಹೃದಯವನ್ನು ದುರ್ಬಲಗೊಳಿಸಬಹುದು. ಆದ್ದರಿಂದ ಎಕೋ ಪರೀಕ್ಷೆ ಮಾಡಿಸುತ್ತಿರಬೇಕು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಇದರ ಬಯೋಸಿಮಿಲರನ್ನು ತಂದ ಮೇಲೆ ಮೂಲ ಔಷಧಿಗಿಂತ ಕಡಿಮೆ ಬೆಲೆಯ ಆಯ್ಕೆಯೂ ಸಿಕ್ಕಿದೆ.

ಆದ್ದರಿಂದ ಹೊಟ್ಟೆಯ ಕ್ಯಾನ್ಸರ್ ಎಂದು ವರದಿ ಬಂದರೆ, “ಹರ್-2 ಪರೀಕ್ಷೆ ಆಗಿದೆಯೇ?” ಎಂದು ಕ್ಯಾನ್ಸರ್ ತಜ್ಞರನ್ನು ಕೇಳಿ. ಬಯಾಪ್ಸಿಯ ತುಂಡಿನಲ್ಲೇ ಇದನ್ನು ಮಾಡುತ್ತಾರೆ. ವರದಿಯಲ್ಲಿ 3+ ಇದ್ದರೆ ಹೆಚ್ಚಿದೆ ಎಂದರ್ಥ. 2+ ಇದ್ದರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಬೇಕು.

ತಡೆಯುವ ದಾರಿಯೂ ನಮ್ಮ ಕೈಯಲ್ಲಿದೆ. ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಈ ಕ್ಯಾನ್ಸರ್‌ನ ದೊಡ್ಡ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1994ರಲ್ಲೇ ಹೇಳಿದೆ. ಶುದ್ಧ ನೀರು ಕುಡಿಯಿರಿ, ಶೌಚದ ನಂತರವೂ ಊಟಕ್ಕೆ ಮುಂಚೆಯೂ ಸಾಬೂನಿನಿಂದ ಕೈ ತೊಳೆಯಿರಿ. ಸೋಂಕು ಕಂಡುಬಂದರೆ ಆಂಟಿಬಯೋಟಿಕ್ ಕೋರ್ಸನ್ನು ಪೂರ್ತಿ ಮುಗಿಸಿ. ಉಪ್ಪು ಹಾಕಿ ಒಣಗಿಸಿದ ಮೀನು, ಉಪ್ಪಿನಕಾಯಿ ಮಿತವಾಗಿರಲಿ. ಬೀಡಿ, ಸಿಗರೇಟು ಬಿಡಿ.

ನಮ್ಮ ಯುನಾನಿ ಗ್ರಂಥಗಳು ಕ್ಯಾನ್ಸರನ್ನು ‘ಸರತಾನ್’, ಅಂದರೆ ಏಡಿ, ಎಂದು ಕರೆದವು. ಹಿಡಿದರೆ ಬಿಡದ ರೋಗವೆಂದು ಹಕೀಮರು ಬಲ್ಲರು. ಅದಕ್ಕೆ ನನ್ನ ಕಪಾಟಿನಲ್ಲಿ ಔಷಧಿ ಇಲ್ಲ ಎಂದು ಹೇಳಲು ನನಗೆ ಸಂಕೋಚವಿಲ್ಲ. ಚಿಕಿತ್ಸೆ ಪಡೆಯಬೇಕೆಂಬುದು ಪ್ರವಾದಿ(ಸ)ರ ಬೋಧನೆ. ಸರಿಯಾದ ಚಿಕಿತ್ಸೆಯನ್ನು ಸಕಾಲದಲ್ಲಿ ಹುಡುಕಿ ಹೋಗೋಣ. ಶಿಫಾ ಕೊಡುವವನು ಅಲ್ಲಾಹನು.